ಹಾರಾಟ ನಿಂತ ಮೇಲೆ

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತು. ಅಂದು ಕೇಳಲಾಗದವರು ಅಚ್ಚಿನಲ್ಲಿ ಬೇಕೆಂದು ಕೇಳಿದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ದೆಹಲಿಯಲ್ಲಿರುವ ನಮಗೆ ವಿಮಾನದ ಸದ್ದು ಹೊಸದೇನಲ್ಲ. ದ್ವಾರಕಾ ಕಡೆಯಿಂದ ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡುವವರು ಮಾತಿನ ಮಧ್ಯೆ "ಒಂದ್ನಿಮಿಷ ಮೇಡಂ, ವಿಮಾನ ಹೋಗಲಿ" ಎಂದು ಸುಮ್ಮನಾಗುತ್ತಾರೆ. ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಹಾಡಿನ ಕೋರಿಕೆ ಮುಂದುವರಿಯುತ್ತದೆ. ಇವತ್ತು ನಾನು ಹೇಳಹೊರಟಿರುವುದು ಸದ್ದು ಮಾಡದ ವಿಮಾನಗಳ ವಿಷಯ. ಯುದ್ಧಕ್ಕೆ ಹೋಗಿ ಬಂದು, ಈಗ ಮ್ಯೂಸಿಯಮ್ಮುಗಳಲ್ಲಿ ನಿಂತಿರುವ ವಿಮಾನಗಳದ್ದು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕನ್ನಡ ಬಿ.ಎ. ಓದಿದವಳು. ನನಗೆ ಗೊತ್ತಿದ್ದ ವಿಮಾನವೆಂದರೆ ರಾಮಾಯಣದ ಪುಷ್ಪಕ ಒಂದೇ. ಬೆಂಗಳೂರಿನ ಎಚ್.ಎ.ಎಲ್. ಕೂಡ 'ಪುಷ್ಪಕ್' ಎಂಬ ಹೆಸರಿನ ಎರಡು ಸೀಟಿನ ಪುಟ್ಟ ವಿಮಾನವನ್ನು 1958ರಲ್ಲಿ ಹಾರಿಸಿತ್ತೆಂಬುದು ನನಗೆ ತಿಳಿದದ್ದು ಈಚೆಗೆ, ಅದೂ ಒಬ್ಬ ಕೇಳುಗರಿಂದ.

ಆ ಕೇಳುಗರು ಎಂಬತ್ತು ದಾಟಿದ ಹಿರಿಯರು. ಮಗನ ಮನೆಯಲ್ಲಿದ್ದಾರೆ. ಎಚ್.ಎ.ಎಲ್.ನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವರು. ಅದರಲ್ಲಿ ಬಹುಪಾಲು ವಿಮಾನದ ಮೈಗೆ ರಿವೆಟ್ ಹೊಡೆಯುವ ಕೆಲಸ. ಹೆಸರು ಹೇಳಬೇಡಿ ಎಂದಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಒಂದು ದಿನ ಫೋನ್ ಮಾಡಿ, "ಅಮ್ಮಾ, ಹಾಡು ಬೇಡ. ಪಾಲಂ ಮ್ಯೂಸಿಯಮ್ಮಿಗೆ ನನ್ನನ್ನು ಕರೆದುಕೊಂಡು ಹೋಗುವವರು ಯಾರಾದರೂ ಸಿಕ್ಕುತ್ತಾರೇನು ಎಂದು ರೇಡಿಯೋದಲ್ಲಿ ಕೇಳುತ್ತೀಯಾ?" ಎಂದರು. ರೇಡಿಯೋದಲ್ಲಿ ಕೇಳುವುದೇಕೆಂದು ನಾನೇ ಹೋದೆ.

ಪಾಲಂನಲ್ಲಿ ವಾಯುಪಡೆಯ ಮ್ಯೂಸಿಯಂ ಶುರುವಾದದ್ದು 1967ರಲ್ಲಿ. ನಾವು ಹೋದ ದಿನ ಶಾಲೆಯ ಮಕ್ಕಳ ಗುಂಪೊಂದು ಬಂದಿತ್ತು. ಹಿರಿಯರು ಮಕ್ಕಳನ್ನು ದಾಟಿ, ಬೇರೆ ಯಾವುದನ್ನೂ ನೋಡದೆ, ನೇರವಾಗಿ 'ಮಾರುತ್' ವಿಮಾನದ ಹತ್ತಿರ ಹೋಗಿ ನಿಂತರು. ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ರೆಕ್ಕೆ ಮೈಗೆ ಸೇರುವ ಜಾಗವನ್ನೇ ನೋಡುತ್ತಾ, "ಇದರಲ್ಲಿ ನನ್ನ ಸಾಲು ಯಾವುದು ಅಂತ ಹೇಳೋಕಾಗಲ್ಲಮ್ಮ. ಆದರೆ ನಮ್ಮ ಷೆಡ್ಡಿಂದಲೇ ಹೋದದ್ದು" ಎಂದರು.

ಮಾರುತ್ ಬಗ್ಗೆ ಎರಡು ಮಾತು. ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಇದು. ವಿನ್ಯಾಸದ ಮುಖ್ಯಸ್ಥರು ಜರ್ಮನಿಯ ಕುರ್ಟ್ ಟಾಂಕ್. 1959ರಲ್ಲಿ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. 1961ರ ಜೂನ್‌ನಲ್ಲಿ ನಿಜವಾದ ವಿಮಾನವನ್ನು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ಸುರಂಜನ್ ದಾಸ್ ಮಾತ್ರ ಆ ಯುದ್ಧವನ್ನು ನೋಡಲಿಲ್ಲ. 1970ರ ಜನವರಿ 10ರಂದು ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ನಿಮ್ಮಲ್ಲೂ ಇದ್ದೀರಿ. ಅವರು ಯಾರೆಂದು ಎಂದಾದರೂ ಯೋಚಿಸಿದ್ದಿರಾ? ನಾನಂತೂ ಯೋಚಿಸಿರಲಿಲ್ಲ. (ಮಾರತಹಳ್ಳಿಗೆ ಹೆಸರು ಬಂದದ್ದೇ ಮಾರುತ್‌ನಿಂದ ಎಂಬ ಕಥೆಯನ್ನೂ ಕೇಳಿರುತ್ತೀರಿ. ಹಿರಿಯರು ಅದನ್ನು ಕೇಳಿ ನಕ್ಕುಬಿಟ್ಟರು. "ಹಳ್ಳಿ ಮೊದಲು, ವಿಮಾನ ಆಮೇಲೆ" ಎಂದರು.)

ಬೆಂಗಳೂರಿನಲ್ಲಿ ಬೆಳೆದವರಿಗೆ ಇನ್ನೊಂದು ಮಾರುತ್ ಗೊತ್ತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನದು. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಎಷ್ಟು ಮನೆಗಳಲ್ಲಿಲ್ಲ! ಮುಂಬೈ ವರ್ಲಿಯ ನೆಹರು ವಿಜ್ಞಾನ ಕೇಂದ್ರದಲ್ಲಿ ಒಂದಿದೆ. ಜರ್ಮನಿಯಲ್ಲಿ ಮ್ಯೂನಿಕ್ ಪಕ್ಕದ ಶ್ಲೈಸ್‌ಹೈಮ್‌ನಲ್ಲಿ, ಡಾಯ್ಚಸ್ ಮ್ಯೂಸಿಯಮ್ಮಿನ ವಿಮಾನಗಳ ಶಾಖೆಯಲ್ಲೂ ಒಂದಿದೆ. ನಮ್ಮ ಹಾಗೆಯೇ, ಬೆಂಗಳೂರು ಬಿಟ್ಟು ಹೋಗಿ ಪರಊರುಗಳಲ್ಲಿ ನೆಲೆನಿಂತವು.

ಹಿರಿಯರನ್ನು ಅಲ್ಲಿಂದ ಮುಂದೆ ಕರೆದುಕೊಂಡು ಹೋದದ್ದು ನಾನಲ್ಲ, ಅವರೇ ನನ್ನನ್ನು ಕರೆದೊಯ್ದರು. ನಾಲ್ಕು ಇಂಜಿನ್ನಿನ, ದೊಡ್ಡ ಹೊಟ್ಟೆಯ, ಹಿಂದೆ ಎರಡು ಬಾಲದ ಒಂದು ಭಾರಿ ಬಾಂಬರ್. ಹೆಸರು ಲಿಬರೇಟರ್. "ಇದು ನಮ್ಮಪ್ಪನ ವಿಮಾನ" ಎಂದರು. ಇನ್ನು ನಾನು ಹೇಳುವ ಕಥೆ ಇದರದ್ದೇ. ಅಂದಿನಿಂದ ನನ್ನ ತಲೆಯಲ್ಲಿ ಕೂತಿರುವುದೂ ಇದೇ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಹದಿನೆಂಟು ಸಾವಿರಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ತಯಾರಿಸಿತು. ಕೆಲವನ್ನು ಲೆಂಡ್-ಲೀಸ್ ಎಂಬ ಕರಾರಿನಲ್ಲಿ ಬ್ರಿಟನ್ನಿಗೆ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಕರಾರಿನಂತೆ ಅವನ್ನು ವಾಪಸು ಮಾಡಬೇಕು, ಇಲ್ಲವೇ ಕೆಲಸಕ್ಕೆ ಬಾರದಂತೆ ಮಾಡಬೇಕು. ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಒಟ್ಟುಹಾಕಿ ಹಾಳುಗೆಡವಿದರು. ಬುಲ್ಡೋಜರಿನಿಂದ ಗುದ್ದಿದರು, ಮೈಗೆ ತೂತು ಹೊಡೆದರು, ಉಪಕರಣಗಳನ್ನು ಒಡೆದರು, ಇಂಜಿನ್ನುಗಳಿಗೆ ಮರಳು ಸುರಿದರು ಎನ್ನುತ್ತಾರೆ. ಬ್ರಿಟಿಷರು ಹೋದ ಮೇಲೆ ಅವು ಅಲ್ಲೇ ಹುಲ್ಲಿನಲ್ಲಿ ಬಿದ್ದಿದ್ದವು.

ಸ್ವತಂತ್ರ ಭಾರತಕ್ಕೆ ದೂರ ಹಾರುವ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಆಗ ನೆನಪಾದದ್ದು ಬೆಂಗಳೂರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕನ್ನರು ತಮ್ಮ ವಿಮಾನಗಳನ್ನು ರಿಪೇರಿ ಮಾಡಿಸುತ್ತಿದ್ದರು. ಆ ಯಂತ್ರಗಳ ನರನಾಡಿ ಬಲ್ಲ ಕೈಗಳು ಅಲ್ಲಿದ್ದವು. ಕಾನ್ಪುರಕ್ಕೆ ಹೋದ ತಂಡ ಒಂದರ ಅಂಗ ಇನ್ನೊಂದಕ್ಕೆ ಜೋಡಿಸಿ, ಒಂದು ಹಾರಾಟಕ್ಕೆ ಸಾಕಾಗುವಷ್ಟು ತೇಪೆ ಹಾಕಿ ವಿಮಾನಗಳನ್ನು ಎಬ್ಬಿಸಿತು. ಕಂಪನಿಯ ಪರೀಕ್ಷಾ ಪೈಲಟ್ ಜಂಷೀದ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಸುಮಾರು 40 ವಿಮಾನಗಳು! ಯೋಚಿಸಿ ನೋಡಿ, ಬೇಕೆಂದೇ ಕೆಡಿಸಿಟ್ಟ ಯಂತ್ರ, ಸುಮಾರು ಸಾವಿರ ಮೈಲಿ ದಾರಿ, ನಲವತ್ತು ಸಲ. ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿಯಾಗಿ 1948ರ ನವೆಂಬರಿನಿಂದ ಅವು ವಾಯುಪಡೆಗೆ ಸೇರತೊಡಗಿದವು. 1968ರವರೆಗೆ, ಇಪ್ಪತ್ತು ವರ್ಷ, ಸೇವೆ ಸಲ್ಲಿಸಿದವು.

ಅಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಏನಾಗಿತ್ತು ಗೊತ್ತೇ? ಹದಿನೆಂಟು ಸಾವಿರ ಲಿಬರೇಟರ್‌ಗಳಲ್ಲಿ ಬಹುತೇಕ ಎಲ್ಲವೂ ಕರಗಿ ಪಾತ್ರೆಪಡಗವಾಗಿದ್ದವು. ಮ್ಯೂಸಿಯಮ್ಮಿನವರು ಹುಡುಕಿಕೊಂಡು ಬಂದದ್ದು ಭಾರತಕ್ಕೆ. ಕೆನಡಾ ಒಂದನ್ನು ಪಡೆದು, ಬದಲಿಗೆ ನಮಗೆ ಒಂದು ಲೈಸಾಂಡರ್ ವಿಮಾನ ಕೊಟ್ಟಿತು. 1969ರಲ್ಲಿ ಒಂದು ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಮ್ಮಿಗೆ ಹೋಯಿತು. 1974ರಲ್ಲಿ ಇನ್ನೊಂದು ಬ್ರಿಟನ್ನಿಗೆ ಹಾರಿ ಅಲ್ಲಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸೇರಿತು. ಹಾಳು ಮಾಡಿ ಹೋದ ದೇಶವೇ ಕಾಲು ಶತಮಾನದ ಮೇಲೆ ಅದನ್ನು ಕಾಣಿಕೆಯಾಗಿ ಕೈಚಾಚಿ ತೆಗೆದುಕೊಂಡಿತು. ಇಂದು ಜಗತ್ತಿನಲ್ಲಿ ಉಳಿದಿರುವ ಲಿಬರೇಟರ್‌ಗಳು ಬೆರಳೆಣಿಕೆಯವು. ಅವುಗಳಲ್ಲಿ ಹಲವು ಬೆಂಗಳೂರಿನ ಕೈಯಿಂದ ಮರುಹುಟ್ಟು ಪಡೆದವು.

ಆದರೆ ಅಲ್ಲಿಗೆ ಹೋದವುಗಳ ಮೈಮೇಲೆ ನಮ್ಮ ಕೇಸರಿ ಬಿಳಿ ಹಸಿರಿನ ಚಕ್ರ ಕಾಣುವುದಿಲ್ಲ. ಪಿಮಾದಲ್ಲಿರುವುದು ಒಂದು ಅಮೆರಿಕನ್ ಬಾಂಬರಿನ ವೇಷದಲ್ಲಿದೆ. ಕೆನಡಾದ್ದು ಕೆನಡಾದ ಬಣ್ಣ ಬಳಿದುಕೊಂಡಿದೆ. ಅದು ಅವರ ಇತಿಹಾಸ, ಅವರ ಜನಕ್ಕೆ ತೋರಿಸಬೇಕು, ಒಪ್ಪೋಣ. ನನ್ನ ಪ್ರಶ್ನೆ ಇಷ್ಟೆ. ಒಂದು ವಿಮಾನ ಎರಡು ಮೂರು ಬಾಳು ಬಾಳಿದ್ದರೆ, ಯಾವ ಬಾಳನ್ನು ತೋರಿಸಬೇಕು? ಬಣ್ಣ ಒಂದನ್ನೇ ಹೇಳಬಹುದು. ಉಳಿದದ್ದನ್ನು ಹೇಳುವುದು ಪಕ್ಕದ ಫಲಕದ ಕೆಲಸ. ಹಿರಿಯರ ತಂದೆ ಕಾನ್ಪುರಕ್ಕೆ ಹೋಗಿದ್ದ ತಂಡದಲ್ಲಿದ್ದವರು. ಚಳಿಗಾಲದಲ್ಲಿ ಹಿಮದಂಥ ಲೋಹ ಹಿಡಿದು ಬೆರಳು ಒಡೆದಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಪೈಲಟ್ಟಿನ ಹೆಸರು ಉಳಿದಿದೆ. ಒಡೆದ ಬೆರಳುಗಳ ಹೆಸರು ಯಾವ ದೇಶದ ಫಲಕದಲ್ಲಿ ಸಿಕ್ಕೀತು?

ಇನ್ನು ವಿಮಾನದ ಮೈ ಉಳಿಸುವ ವಿಷಯ. ಮ್ಯೂಸಿಯಮ್ಮಿಗೆ ಬಂದರೆ ವಿಮಾನ ಉಳಿಯಿತು ಎಂದು ನಾನು ತಿಳಿದಿದ್ದೆ. ಹಿರಿಯರು ತಲೆ ಅಲ್ಲಾಡಿಸಿದರು. ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಯುವುದಿಲ್ಲವೆಂದು ನಾವು ಅಡಿಗೆಮನೆಯ ಪಾತ್ರೆ ನೋಡಿ ನಂಬಿದ್ದೇವೆ. ವಿಮಾನದ ಅಲ್ಯೂಮಿನಿಯಂ ಬೇರೆ. ಗಟ್ಟಿಯಾಗಲೆಂದು ಅದಕ್ಕೆ ತಾಮ್ರ ಬೆರೆಸಿರುತ್ತಾರೆ. ಅದರ ಹೊರಪದರ ಕೆಟ್ಟು ನೀರು ತಾಗಿತೆಂದರೆ ಹಪ್ಪಳದ ಹಾಗೆ ಪದರು ಪದರಾಗಿ ಉಬ್ಬಿ ಬಿಳಿ ಪುಡಿ ಉದುರುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗುವಲ್ಲಿ, ಮಧ್ಯೆ ತೇವ ಕೂತರೆ, ಇನ್ನೂ ಬೇಗ ತಿನ್ನುತ್ತದೆ. ಹಾರುವ ವಿಮಾನದ ಹೊಟ್ಟೆಯಲ್ಲಿ ನೀರು ಬಸಿದುಹೋಗಲು ಸಣ್ಣ ತೂತುಗಳಿರುತ್ತವೆ. ನಿಂತ ವಿಮಾನದಲ್ಲಿ ಅವನ್ನು ಧೂಳು ಮುಚ್ಚಿಬಿಡುತ್ತದೆ, ಮಳೆನೀರು ಒಳಗೇ ನಿಲ್ಲುತ್ತದೆ. ಪಾರಿವಾಳ ಗಾಳಿಯ ಬಾಯೊಳಗೆ ಗೂಡು ಕಟ್ಟುತ್ತದೆ, ಅದರ ಹಿಕ್ಕೆ ಬಣ್ಣವನ್ನು ಸುಡುತ್ತದೆ. ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳ ಬಿಸಿಲಿಗೆ ಸೀಳು ಬಿಟ್ಟು ಮಂಜಾಗುತ್ತದೆ. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಅದಕ್ಕೇ ಕೆಳಗೆ ಜ್ಯಾಕ್ ಕೊಟ್ಟು ನಿಲ್ಲಿಸಬೇಕು.

ಅಪಾಯಗಳೂ ಇವೆ. ಪೈಲಟ್ಟನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಏರ್ಪಾಟಿನಲ್ಲಿ ಸ್ಫೋಟಕ ಇರುತ್ತದೆ. ಅದನ್ನು ತೆಗೆದಿದ್ದಾರೆಂದು ಖಾತ್ರಿಯಿಲ್ಲದೆ ಮಕ್ಕಳನ್ನು ಒಳಗೆ ಕೂರಿಸುವಂತಿಲ್ಲ. ಹಳೆಯ ಕಾಲದ ಗಡಿಯಾರ, ಮೀಟರುಗಳ ಮುಳ್ಳು ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿಯುತ್ತಿದ್ದರು. ಹೊಳಪು ಹೋದರೂ ವಿಕಿರಣ ಹೋಗಿರುವುದಿಲ್ಲ. ಇದೆಲ್ಲ ಬಲ್ಲ ಒಬ್ಬ ತಂತ್ರಜ್ಞನಾದರೂ ಇಲ್ಲದ ಕಡೆ ವಿಮಾನ ನಿಲ್ಲಿಸುವುದೆಂದರೆ, ನೋಡಿಕೊಳ್ಳಲು ಜನವಿಲ್ಲದ ಮನೆಗೆ ಹಸು ದಾನ ಕೊಟ್ಟಂತೆ.

ಅಂಥದ್ದೊಂದನ್ನು ನಾನೇ ನೋಡಿದ್ದೇನೆ. ಊರ ಹೆಸರು ಬೇಡ. ವೃತ್ತದ ನಡುವೆ ಕಟ್ಟೆಯ ಮೇಲೆ ಒಂದು ಯುದ್ಧವಿಮಾನ. ಯಾವುದೋ ಸಮಾರಂಭಕ್ಕೆಂದು ಗೇಟಿಗೆ ಬಳಿಯುವ ಪೇಂಟನ್ನು ಬ್ರಷ್ಷಿನಲ್ಲಿ ಬಳಿದಿದ್ದರು. ಸಂಖ್ಯೆ, ಸ್ಕ್ವಾಡ್ರನ್ ಚಿಹ್ನೆ ಎಲ್ಲ ಅಡಿಯಲ್ಲಿ ಹೋಗಿತ್ತು. ಮೂಗಿಗೆ ಒಂದು ಶುಭಾಶಯದ ಬ್ಯಾನರ್ ಕಟ್ಟಿತ್ತು. ಮೂಲ ಬಣ್ಣ ಮಾಸಿದ್ದರೂ ಅದು ದಾಖಲೆ. ಕೆರೆದು ಹೊಸದು ಬಳಿದರೆ, ತಾಮ್ರಪಟವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಅಕ್ಷರವನ್ನೇ ಅಳಿಸಿದ ಹಾಗಲ್ಲವೇ?

ಕಾರವಾರದ ಕಡೆಯವರು ಈಚೆಗೆ ಕಡಲ ದಂಡೆಯಲ್ಲಿ ನೌಕಾಪಡೆಯ ಟುಪೊಲೆವ್ ವಿಮಾನ ನೋಡಿಕೊಂಡು ಬಂದು ಹೇಳುತ್ತಾರೆ. 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾದ ಜಾತಿಯದು, ಬಿಚ್ಚಿ ತಂದು ಜೋಡಿಸಿದ್ದಾರೆ. ಬಹಳ ಸಂತೋಷ. ಆದರೆ ಉಪ್ಪುಗಾಳಿ ಅಲ್ಯೂಮಿನಿಯಮ್ಮಿನ ಪರಮ ಶತ್ರು. ಅಲ್ಲಿ ಮೊದಲ ದಿನದ ಖರ್ಚಿಗಿಂತ ಪ್ರತಿ ಮಳೆಗಾಲದ ಖರ್ಚು ಮುಖ್ಯ.

ಖರ್ಚು ನಿಂತರೆ ಏನಾಗುತ್ತದೆಂದು ಮುಂಬೈಯವರಿಗೆ ಗೊತ್ತು. ಸೀ ಹಾಕ್, ಅಲೀಝೆ ವಿಮಾನಗಳನ್ನು ಹೊತ್ತು 1971ರಲ್ಲಿ ಹೋರಾಡಿದ ವಿಕ್ರಾಂತ್ ಹಡಗು 1997ರಲ್ಲಿ ನಿವೃತ್ತವಾಗಿ ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. ನಿಮ್ಮಲ್ಲೇ ಎಷ್ಟೋ ಜನ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೀರಿ. 2012ರಲ್ಲಿ ಸುರಕ್ಷಿತವಲ್ಲವೆಂದು ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯಿತು. ನ್ಯಾಯಾಲಯದವರೆಗೆ ಹೋದರೂ ಉಳಿಯಲಿಲ್ಲ. ಅದರ ಲೋಹ ಸೇರಿಸಿದ ಮೋಟಾರ್ ಸೈಕಲ್ಲುಗಳು ಬಂದವು.

ಹಾಗಾದರೆ ಹಾರಿಸುತ್ತಲೇ ಇರುವುದು ಒಳ್ಳೆಯದಲ್ಲವೇ, ಹಾರುವ ವಿಮಾನ ತುಕ್ಕು ಹಿಡಿಯುವುದಿಲ್ಲ ಎಂದು ಕೇಳುವವರಿದ್ದಾರೆ. ನಮ್ಮ ವಾಯುಪಡೆಯ ಹಳೆಯ ವಿಮಾನಗಳ ದಳದಲ್ಲಿ ಟೈಗರ್ ಮಾತ್, ಹಾರ್ವರ್ಡ್ ಹಾರಿವೆ. 2018ರಲ್ಲಿ ಒಂದು ಡಕೋಟಾ ಬ್ರಿಟನ್ನಿನಿಂದ ಹಾರಿಕೊಂಡು ಬಂತು. ಅದನ್ನು ದುರಸ್ತಿ ಮಾಡಿಸಿ ಕೊಟ್ಟವರು ಬೆಂಗಳೂರಿನವರೇ ಆದ ರಾಜೀವ್ ಚಂದ್ರಶೇಖರ್, ವಾಯುಪಡೆಯಲ್ಲಿ ಡಕೋಟಾ ಪೈಲಟ್ಟಾಗಿದ್ದ ತಂದೆಯ ಗೌರವಕ್ಕೆ. ಅದರ ಹೆಸರು 'ಪರಶುರಾಮ', ಸಂಖ್ಯೆ ವಿ.ಪಿ. 905. ಆ ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಬೇರೊಂದು ಡಕೋಟಾದ್ದು, ಅದರ ನೆನಪಿಗೆ ಇಟ್ಟದ್ದು. ಇದನ್ನು ನೋಡುವವರಿಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಇನ್ನು ಐವತ್ತು ವರ್ಷಕ್ಕೆ, ಶ್ರೀನಗರಕ್ಕೆ ಹೋದದ್ದು ಇದೇ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ.

ಡಕೋಟಾಗಳು ಜಗತ್ತಿನಲ್ಲಿ ಇನ್ನೂ ಬೇಕಾದಷ್ಟಿವೆ, ಹಾರಲಿ. ಆದರೆ ಪಾಲಂನಲ್ಲಿರುವ ವಾಪಿಟಿ? 1933ರಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಕರಾಚಿಯಲ್ಲಿ ಶುರುವಾದದ್ದೇ ನಾಲ್ಕು ವಾಪಿಟಿಗಳಿಂದ. ಆ ಜಾತಿಯಲ್ಲಿ ಇಡೀ ಭೂಮಿಯ ಮೇಲೆ ಉಳಿದಿರುವುದು ಇದೊಂದೇ. ಅದನ್ನು ನೆಲದಿಂದ ಒಂದಡಿ ಎತ್ತುವುದೂ ಬೇಡ ಎನ್ನುವವಳು ನಾನು. ಭಾರತದಿಂದ ಹೋದ ಒಂದು ಲಿಬರೇಟರ್ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಕೈಯಲ್ಲಿ ಮತ್ತೆ ರೆಕ್ಕೆ ಬಿಚ್ಚಿ ವರ್ಷಗಟ್ಟಲೆ ಊರೂರು ಹಾರಿತು, ಸಾವಿರಾರು ಜನ ಅದರಲ್ಲಿ ಕೂತು ಬಂದರು. ಅದೇ ಸಂಸ್ಥೆಯ ಇನ್ನೊಂದು ಹಳೆಯ ಬಾಂಬರ್, ಬಿ-17, 2019ರ ಅಕ್ಟೋಬರ್ 2ರಂದು ಬಿದ್ದು ಏಳು ಜನ ಸತ್ತರು. ಹೋದದ್ದು ಏಳು ಜೀವ, ಜೊತೆಗೆ ಮತ್ತೆ ಹುಟ್ಟದ ಒಂದು ವಿಮಾನ.

ಯುದ್ಧವಿಮಾನ ಎಂದಮೇಲೆ ಅದು ಕೊಂದದ್ದನ್ನೂ ಹೇಳಬೇಕಾಗುತ್ತದೆ. ಹಿರೋಷಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವರ್ಷಾನುಗಟ್ಟಲೆ ಬಯಲಲ್ಲಿ ಬಿದ್ದು ಹಾಳಾಗಿತ್ತು. ಸ್ಮಿತ್ಸೋನಿಯನ್ ಸಂಸ್ಥೆ ಅದನ್ನು ಸರಿಪಡಿಸಿ 1995ರಲ್ಲಿ ಪ್ರದರ್ಶಿಸಹೊರಟಾಗ, ಪಕ್ಕದಲ್ಲಿ ಏನು ಬರೆಯಬೇಕೆಂಬ ಜಗಳಕ್ಕೆ ಮ್ಯೂಸಿಯಮ್ಮಿನ ನಿರ್ದೇಶಕರೇ ರಾಜೀನಾಮೆ ಕೊಟ್ಟರು. ನಮ್ಮ ಮಾರುತ್ ಫಲಕ ಬರೆಯುವುದೂ ಅಷ್ಟು ಸುಲಭವಲ್ಲ. ಕುರ್ಟ್ ಟಾಂಕ್ ಅದಕ್ಕೆ ಮೊದಲು ಹಿಟ್ಲರನ ಜರ್ಮನಿಗೆ ಯುದ್ಧವಿಮಾನ ಮಾಡಿಕೊಟ್ಟವರು. ತಕ್ಕ ಇಂಜಿನ್ ಸಿಗದೆ ಮಾರುತ್ ಅಂದುಕೊಂಡ ವೇಗ ಮುಟ್ಟಲಿಲ್ಲ. ಇದನ್ನು ಮುಚ್ಚಿ ಬರೀ ಹೆಮ್ಮೆ ಬರೆದರೆ, ಆ ಕೊರತೆಯನ್ನು ತುಂಬಲು ಹಾರಿ ಪ್ರಾಣ ಬಿಟ್ಟ ಸುರಂಜನ್ ದಾಸ್ ಯಾಕೆ ಹಾರಿದರೆಂದು ಹೇಗೆ ತಿಳಿಯಬೇಕು?

ಈ ಮಾತನ್ನೆಲ್ಲ ಈಗ ಎತ್ತಲು ಕಾರಣವಿದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ಆಯಿತು. 1963ರಿಂದ 62 ವರ್ಷ. ವೃತ್ತಕ್ಕೊಂದು, ಕಾಲೇಜಿಗೊಂದು ನಮಗೂ ಬೇಕೆನ್ನುವವರು ಈಗ ಬಹಳ. ಕೊಡಲಿ. ಆದರೆ ಪ್ರತಿಯೊಂದರ ಜೊತೆ ಅದರ ಲಾಗ್ ಪುಸ್ತಕದ ಪ್ರತಿಯೂ ಹೋಗಲಿ, ಮಳೆಗೆ ಒಂದು ಮಾಡು ಕಟ್ಟುತ್ತೇವೆಂದು ಬರೆದುಕೊಟ್ಟವರಿಗೆ ಮಾತ್ರ ಹೋಗಲಿ. ಮಿಗ್-21ರಲ್ಲಿ ಎಷ್ಟೋ ಯುವಕರು ಅಪಘಾತದಲ್ಲಿ ಹೋಗಿದ್ದಾರೆ. ಅವರ ಮನೆಯವರೂ ಆ ವೃತ್ತವನ್ನು ದಾಟಿ ಹೋಗುತ್ತಾರೆ.

ಕೊನೆಗೆ ಹಿರಿಯರ ವಿಷಯ. ಮನೆಗೆ ಬಂದ ಮೇಲೆ ಅವರು ಒಂದು ಬಿಸ್ಕತ್ ಡಬ್ಬ ತೆಗೆದರು. ತಂದೆಯ ಗೇಟ್ ಪಾಸು, ಒಂದು ಹಿತ್ತಾಳೆ ಟೋಕನ್, ನಾಲ್ಕು ಫೋಟೋ, ಮತ್ತೆ ತಂದೆ ಕಾನ್ಪುರದಿಂದ ಮನೆಗೆ ಬರೆದ ಕಾಗದಗಳು. ಕನ್ನಡದಲ್ಲಿ, ಸೀಸದ ಕಡ್ಡಿಯಲ್ಲಿ. ಜೊತೆಗಿದ್ದವರ ಹೆಸರು, ಯಾರಿಗೆ ಜ್ವರ, ಇವತ್ತು ಎಷ್ಟನೆಯ ವಿಮಾನ ಎದ್ದಿತು ಎಂಬುದೆಲ್ಲ ಇದೆ. ಒಂದು ಸಂಸ್ಥೆಗೆ ಇವನ್ನು ಕೊಡುತ್ತೇನೆಂದು ಹಿಂದೆ ಬರೆದಿದ್ದರಂತೆ. ವಿಮಾನಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ಖಾಸಗಿ ಪತ್ರಗಳನ್ನಲ್ಲ ಎಂದು ಉತ್ತರ ಬಂತು. "ವಿಮಾನ ನನ್ನ ಹತ್ತಿರ ಎಲ್ಲಿದೆಯಮ್ಮ?" ಎಂದು ನಕ್ಕರು. ಪಕ್ಕದಲ್ಲಿದ್ದ ಸೊಸೆ ನಗಲಿಲ್ಲ. ಮನೆ ಬದಲಾಯಿಸುವಾಗ ಈ ಡಬ್ಬ ಎರಡು ಸಲ ರದ್ದಿಯವನ ತಕ್ಕಡಿಯ ತನಕ ಹೋಗಿ ವಾಪಸು ಬಂದಿದೆಯಂತೆ.

ಆ ಕಾಗದಗಳನ್ನು ನಾವು ಸ್ಕ್ಯಾನ್ ಮಾಡಿಸಿದ್ದೇವೆ. ಪ್ರತಿಗಳ ಜೊತೆ ಮೂರು ಮ್ಯೂಸಿಯಮ್ಮುಗಳಿಗೆ ಪತ್ರ ಬರೆದಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಎಚ್.ಎ.ಎಲ್.ನಲ್ಲೋ ವಾಯುಪಡೆಯಲ್ಲೋ ದುಡಿದ ಹಿರಿಯರಿದ್ದರೆ, ಅಟ್ಟದ ಮೇಲೆ ಇಂಥ ಡಬ್ಬವಿದ್ದರೆ, ದೀಪಾವಳಿಯ ಗುಡಿಸುವಿಕೆಗೆ ಮೊದಲು ನಮ್ಮ ಕಚೇರಿಗೆ ಒಂದು ಫೋನ್ ಮಾಡಿ. ಫೋಟೋದ ಹಿಂದೆ ಇರುವವರ ಹೆಸರು ಬರೆದಿಡಿ, ಪೆನ್ಸಿಲ್ಲಿನಲ್ಲಿ.

ಮುಂದಿನ ಭಾನುವಾರ ಆ ಕಾಗದಗಳಲ್ಲಿ ಎರಡನ್ನು ಹಿರಿಯರೇ ನಮ್ಮ ಸ್ಟುಡಿಯೋಕ್ಕೆ ಬಂದು ಓದಲಿದ್ದಾರೆ. ಗಾಲಿಕುರ್ಚಿ ಒಳಗೆ ಬರುತ್ತದೆಯೇ ಎಂದು ನೋಡಲು ಬಾಗಿಲಿನ ಅಗಲ ಕೇಳಿದ್ದರು. ಎರಡೂಮುಕ್ಕಾಲು ಅಡಿ ಇರಬಹುದು ಎಂದೆ. "ಇರಬಹುದು ಅನ್ನಬೇಡಮ್ಮ, ಅಳೆದು ಹೇಳು" ಎಂದರು. ಅಳೆದು ಹೇಳಿದ್ದೇನೆ.